ಇನ್ಸೈಸಿವ್, ಕಟಿಂಗ್, ಬೈಟಿಂಗ್: ಎಲ್ಲಕ್ಕೂ ‘ಹರಿತ’ ಅಂದ್ರೆ ಸಾಲದು, ವ್ಯತ್ಯಾಸ ಇಲ್ಲಿದೆ

ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಿಗೆ ಓದುವವರಿಗೆ ಇಂಗ್ಲಿಷ್ ಸಮಾನಾರ್ಥಕ ಪದಗಳ ಪಟ್ಟಿ ಹೊಸದಲ್ಲ. ಇನ್ಸೈಸಿವ್, ಟ್ರೆಂಚಂಟ್, ಕಟಿಂಗ್, ಬೈಟಿಂಗ್, ಕ್ರಿಸ್ಪ್, ಕ್ಲಿಯರ್-ಕಟ್ ಆರಕ್ಕೂ ‘ಹರಿತ, ತೀಕ್ಷ್ಣ, ಸ್ಪಷ್ಟ’ ಅಂತ ಬಾಯಿಪಾಠ ಮಾಡೋರೇ ಜಾಸ್ತಿ. ಟಿಕ್ ಹಾಕೋಕೆ ಅಷ್ಟು ಸಾಕಾಗಬಹುದು. ಆದರೆ ಪಾಠ ಹೇಳಿದ ಮೇಷ್ಟ್ರಿಗೆ ‘ನಿಮ್ಮ ಮಾತು ಕಟಿಂಗ್ ಆಗಿತ್ತು’ ಅಂತ ಇಂಗ್ಲಿಷ್‌ನಲ್ಲಿ ಬರೆದರೆ ಹೊಗಳಿಕೆ ಹೋಗಿ ದೂರು ಆಗುತ್ತೆ.

ಇವುಗಳನ್ನು ಬೇರೆ ಮಾಡೋಕೆ ಒಂದೇ ಪ್ರಶ್ನೆ ಸಾಕು: ಕತ್ತಿ ಬೀಳೋದು ಯಾವುದರ ಮೇಲೆ? ಕುಡಿಯುವ ನೀರಿನ ವಿಚಾರಕ್ಕೆ ಗ್ರಾಮಸಭೆ ನಡೀತಿದೆ ಅಂದ್ಕೊಳ್ಳಿ.

ಇನ್ಸೈಸಿವ್: ‘ಪೈಪ್ ಹಾಕಿದ್ದು ಎಷ್ಟು ಮೀಟರ್, ಬಿಲ್ ಆಗಿದ್ದು ಎಷ್ಟು ಮೀಟರ್?’ ಗೋಜಲನ್ನು ಸೀಳಿ ನೇರ ತಿರುಳಿಗೆ ಹೋಗುವ ಪ್ರಶ್ನೆ ಇದು. ‘ಒಳಗೆ ಕೊಯ್ಯು’ ಎಂಬ ಅರ್ಥದ ಲ್ಯಾಟಿನ್ ಪದ ಇದರ ಮೂಲ. ಬಾಚಿಹಲ್ಲಿನ ಇಂಗ್ಲಿಷ್ ಹೆಸರು ಇನ್ಸೈಸರ್ ಕೂಡ ಅಲ್ಲಿಂದಲೇ ಬಂದದ್ದು. ಕೊಯ್ಯೋದು ವಿಷಯವನ್ನು, ಮನುಷ್ಯನನ್ನಲ್ಲ. ಹಾಗಾಗಿ ಇದು ಹೊಗಳಿಕೆ.

ಟ್ರೆಂಚಂಟ್: ‘ಕಾಮಗಾರಿ ಕಳಪೆ, ತಪಾಸಣೆ ಬರೀ ಕಾಗದದಲ್ಲಿ, ಹೊಣೆ ಯಾರಾದರೂ ಹೊರಲೇಬೇಕು.’ ಪಕ್ಕಾ ನಿಲುವು ತಗೊಂಡು ಮುಲಾಜಿಲ್ಲದೆ ಮಾಡುವ ಟೀಕೆಗೆ ಈ ಪದ. ಕಂದಕಕ್ಕೆ ಹೇಳುವ ಟ್ರೆಂಚ್ ಇದರ ನೆಂಟ, ಎರಡೂ ಹಳೆಯ ಫ್ರೆಂಚ್‌ನ ‘ಕತ್ತರಿಸು’ ಪದದಿಂದ ಬಂದವು. ಇನ್ಸೈಸಿವ್‌ಗಿಂತ ಬಿಸಿ ಜಾಸ್ತಿ. ಏಟು ಬೀಳೋದು ಎದುರಿನವರ ವಾದ, ಕೆಲಸದ ಮೇಲೆ.

ಕಟಿಂಗ್: ‘ನಿಮಗೆ ಲೆಕ್ಕ ಬರುತ್ತಾ, ಇಲ್ಲ ಹೆಬ್ಬೆಟ್ಟಾ?’ ಇಲ್ಲಿ ಗಾಯ ಆಗೋದು ವ್ಯಕ್ತಿಗೇ. ಕನ್ನಡದ ಚುಚ್ಚುಮಾತಿಗೆ ಹತ್ತಿರ. ಹೊಗಳೋಕೆ ಬಳಸಬೇಡಿ.

ಬೈಟಿಂಗ್: ‘ನಲ್ಲಿಗೆ ಪೂಜೆ ಮಾಡಿಸಿ, ಆಗಲಾದ್ರೂ ನೀರು ಬರಬಹುದು.’ ಕಚ್ಚುವ ವ್ಯಂಗ್ಯ. ವ್ಯಕ್ತಿಗೆ ಹೇಳಿದರೆ ನೋವು, ಆದರೆ ವಿಡಂಬನೆ ಬರೆಯುವವರ ಬರಹವನ್ನು ಬೈಟಿಂಗ್ ಅಂದರೆ ಅವರಿಗೆ ಖುಷಿ.

ಕ್ರಿಸ್ಪ್: ‘ಮೋಟಾರ್ ಕೆಟ್ಟಿದೆ. ಸೋಮವಾರ ರಿಪೇರಿ.’ ಚುಟುಕು, ಚುರುಕು. ಸುದ್ದಿ, ಸೂಚನೆ, ಭಾಷಣಕ್ಕೆ ಒಳ್ಳೆಯ ಮಾತು. ಆದರೆ ಯಾರೋ ‘ಕ್ರಿಸ್ಪ್ ಆಗಿ ಉತ್ತರ ಕೊಟ್ರು’ ಅಂದಾಗ, ಸ್ನೇಹ ಇಲ್ಲದೆ ಬಿಗಿಯಾಗಿ ಹೇಳಿದರು ಎಂಬ ಅರ್ಥವೂ ಇರಬಹುದು. ಸಂದರ್ಭ ನೋಡಿ.

ಕ್ಲಿಯರ್-ಕಟ್: ‘ಹದಿನೈದು ದಿನದೊಳಗೆ ನೀರು ಕೊಡಬೇಕು, ಇಲ್ಲಾಂದ್ರೆ ಬಿಲ್ ಪಾಸ್ ಇಲ್ಲ.’ ಕಡ್ಡಿ ತುಂಡು ಮಾಡಿದ ಹಾಗೆ, ಎರಡನೇ ಅರ್ಥಕ್ಕೆ ಜಾಗವಿಲ್ಲ. ಇದರಲ್ಲಿ ಕೋಪವೂ ಇಲ್ಲ, ಮೆಚ್ಚುಗೆಯೂ ಇಲ್ಲ. ತೀರ್ಮಾನ, ನಿಯಮ, ವ್ಯತ್ಯಾಸ, ಗೆಲುವು ಇಂಥವಕ್ಕೆ ಹೊಂದುತ್ತೆ.

ಕೆಲಸದ ಅರ್ಜಿ ಬರೆಯುವಾಗ: ‘ನನ್ನದು ಇನ್ಸೈಸಿವ್ ಬರವಣಿಗೆ’ ಅಂತ ತಾವೇ ಹೇಳಿಕೊಂಡರೆ ಜಂಬ ಅನಿಸುತ್ತೆ, ಅದನ್ನು ಬೇರೆಯವರು ಹೇಳಬೇಕು. ಅಲ್ಲಿ ಕ್ಲಿಯರ್, ಕನ್ಸೈಸ್ ಸಾಕು. ಕನ್ಸೈಸ್‌ನ ಮೂಲವೂ ‘ಕತ್ತರಿಸು’ ಎಂಬ ಲ್ಯಾಟಿನ್ ಪದವೇ. ವ್ಯತ್ಯಾಸ ಇಷ್ಟೇ, ಈ ಸಲ ಕತ್ತಿ ಬೀಳೋದು ಬರೆಯುವವರ ಸ್ವಂತ ಮಾತಿನ ಮೇಲೆ.