ಜಾಝ್ ತನ್ನದೆಂದ ಜೆಲ್ಲಿ ರೋಲ್

1938ರ ಆಗಸ್ಟ್‌ನಲ್ಲಿ ಅಮೆರಿಕದ 'ಡೌನ್‌ಬೀಟ್' ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. 1902ರಲ್ಲಿ ಜಾಝ್ ಸಂಗೀತವನ್ನು ಸೃಷ್ಟಿಸಿದವನು ತಾನೇ ಎಂದು ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಅದರಲ್ಲಿ ಸಾರಿದ್ದ. ಚರ್ಚಿನ ದಾಖಲೆಯ ಪ್ರಕಾರ ಆತ ಹುಟ್ಟಿದ್ದು 1890ರಲ್ಲಿ. ಹನ್ನೆರಡು ವರ್ಷದ ಹುಡುಗ ಒಂದು ಸಂಗೀತ ಪ್ರಕಾರವನ್ನೇ ಹುಟ್ಟುಹಾಕಿದನೆಂದರೆ ಯಾರು ತಾನೆ ನಂಬಿಯಾರು? ಆದರೆ ಈ ಬಡಾಯಿಯ ಹಿಂದೆ ನಿಜವಾದ ಅಳಲೊಂದಿತ್ತು.

ಮಾರ್ಟನ್‌ನ ಹುಟ್ಟೂರು ನ್ಯೂ ಆರ್ಲಿಯನ್ಸ್. ಕ್ರಿಯೋಲ್ ಮನೆತನ. ನಿಜವಾದ ಹೆಸರು ಫರ್ಡಿನಂಡ್ ಲಾಮಾಥ್. ಹದಿಹರೆಯದಲ್ಲೇ ಆತ ಸ್ಟೋರಿವಿಲ್ ಎಂಬ ವೇಶ್ಯಾವಾಟಿಕೆಯಲ್ಲಿ ಪಿಯಾನೊ ನುಡಿಸತೊಡಗಿದ. ವಿಷಯ ತಿಳಿದಾಗ ದೈವಭಕ್ತೆಯಾಗಿದ್ದ ಮನೆಯ ಹಿರಿಯಾಕೆ ಹುಡುಗನನ್ನು ಹೊರಗೆ ಹಾಕಿದಳು. ಅಲ್ಲಿಂದ ಮುಂದೆ ಊರೂರು ಅಲೆದಾಟ.

ಆಗ ರಾಗ್‌ಟೈಮ್ ಬರೆದಂತೆ ನುಡಿಸುವ ಸಂಗೀತವಾಗಿತ್ತು. ಬ್ಲೂಸ್ ಬಾಯಿಂದ ಬಾಯಿಗೆ ಬಂದದ್ದು. ಮಾರ್ಟನ್ ಇವೆರಡನ್ನೂ ಬೆಸೆದು, ಸ್ಪೇನ್ ಮೂಲದ ಲಯವನ್ನೂ ಸೇರಿಸಿದ. ಪಿಯಾನೊವೇ ಅವನಿಗೆ ಒಂದು ವಾದ್ಯವೃಂದ: ಎಡಗೈ ಲಯ ಹಿಡಿದರೆ ಬಲಗೈ ಕಹಳೆ, ಕ್ಲಾರಿನೆಟ್‌ಗಳಂತೆ ಹಾಡುತ್ತಿತ್ತು. 1915ರಲ್ಲಿ ಪ್ರಕಟವಾದ ಆತನ 'ಜೆಲ್ಲಿ ರೋಲ್ ಬ್ಲೂಸ್' ಅಚ್ಚಾದ ಮೊದಲ ಜಾಝ್ ಕೃತಿಗಳಲ್ಲೊಂದು. 1926ರಲ್ಲಿ ಷಿಕಾಗೊದಲ್ಲಿ 'ರೆಡ್ ಹಾಟ್ ಪೆಪ್ಪರ್ಸ್' ತಂಡ ಕಟ್ಟಿ ಧ್ವನಿಮುದ್ರಿಸಿದ ತಟ್ಟೆಗಳಲ್ಲಿ, ಬರೆದ ಸ್ವರಕ್ಕೂ ಆಗಿಂದಾಗ ಹೊಳೆದ ಮನೋಧರ್ಮಕ್ಕೂ ಸಮಾನ ಜಾಗವಿತ್ತು.

ಆದರೆ ಕಾಲ ಬದಲಾಯಿತು. 1930ರ ದಶಕದಲ್ಲಿ ದೊಡ್ಡ ತಂಡಗಳ ಸ್ವಿಂಗ್ ಸಂಗೀತ ಮನೆಮಾತಾಯಿತು. 1935ರಲ್ಲಿ ಬೆನ್ನಿ ಗುಡ್‌ಮನ್ ತಂಡ ನುಡಿಸಿ ಜನಪ್ರಿಯಗೊಳಿಸಿದ 'ಕಿಂಗ್ ಪೋರ್ಟರ್ ಸ್ಟಾಂಪ್' ಮಾರ್ಟನ್‌ನದೇ ರಚನೆ. ಆ ವೇಳೆಗೆ ಆತ ಮರೆತುಹೋದ ಹೆಸರು. ರಚನಕಾರರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಆಸ್ಕ್ಯಾಪ್ ಸಂಸ್ಥೆಯ ಸದಸ್ಯತ್ವ ಸಿಕ್ಕಿದ್ದು 1939ರಲ್ಲಿ. ತನಗೆ ಸಲ್ಲಬೇಕಾದ ಹಣ ಬೇರೆಯವರ ಪಾಲಾಯಿತೆಂಬ ಕೊರಗು ಕೊನೆಯವರೆಗೂ ಉಳಿಯಿತು.

ಆ ಪತ್ರ ಪ್ರಕಟವಾಗುವ ಕೆಲವೇ ತಿಂಗಳ ಮುನ್ನ, ಮೇ 1938ರಲ್ಲಿ, ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮಾರ್ಟನ್‌ನನ್ನು ಪಿಯಾನೊ ಮುಂದೆ ಕೂರಿಸಿದ್ದರು. ಆತ ನುಡಿಸುತ್ತಾ ತನ್ನ ಬದುಕನ್ನು, ನ್ಯೂ ಆರ್ಲಿಯನ್ಸ್ ಬೀದಿಗಳನ್ನು ಬಣ್ಣಿಸುತ್ತಾ ಹೋದ. ಜಾಝ್‌ನ ಬಾಲ್ಯಕ್ಕೆ ಅದೊಂದು ಅಪರೂಪದ ಸಾಕ್ಷ್ಯ.

1941ರ ಜುಲೈ 10ರಂದು ಲಾಸ್ ಏಂಜಲೀಸ್‌ನಲ್ಲಿ ಮಾರ್ಟನ್ ತೀರಿಕೊಂಡ. ಆ ಧ್ವನಿಮುದ್ರಿಕೆಗಳ ಸಂಪುಟಕ್ಕೆ 2006ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿ ಬಂದವು. ಜಾಝ್ ಒಬ್ಬನಿಂದ ಹುಟ್ಟಿದ ಸಂಗೀತವಲ್ಲ, ನಿಜ. ಆದರೆ ಅದನ್ನು ಕಾಗದಕ್ಕಿಳಿಸಿಯೂ ಜೀವಂತವಾಗಿ ಉಳಿಸಬಹುದೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ಮಾರ್ಟನ್ ಒಬ್ಬ. ಆತ ಅಷ್ಟನ್ನೇ ಹೇಳಿಕೊಂಡಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ.