ಇಂಗ್ಲಿಷ್ ಬಹುವಚನಗಳ ಇತಿಹಾಸ ಮತ್ತು ನಮ್ಮ ಮಕ್ಕಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿದವರಿಗೆ ಗಣಿತದಷ್ಟೇ ಭಯ ಹುಟ್ಟಿಸಿದ ವಿಷಯ ಇಂಗ್ಲಿಷ್. ಆ ಭಯದ ಒಂದು ಮೂಲ ಏಕವಚನ-ಬಹುವಚನಗಳ ಪಟ್ಟಿ. ಬುಕ್-ಬುಕ್ಸ್, ಬಾಕ್ಸ್-ಬಾಕ್ಸಸ್, ಬೇಬಿ-ಬೇಬೀಸ್ ಎನ್ನುವ ತನಕ ದಾರಿ ಸಲೀಸು. ಆಮೇಲೆ ಫುಟ್-ಫೀಟ್, ಮೌಸ್-ಮೈಸ್, ಚೈಲ್ಡ್-ಚಿಲ್ಡ್ರನ್, ಶೀಪ್-ಶೀಪ್ ಎಂದು ದಾರಿ ತಪ್ಪುತ್ತದೆ. "ಯಾಕೆ ಸಾರ್?" ಎಂದು ಕೇಳಿದರೆ "ಅದು ಹಾಗೇನೇ, ಬಾಯಿಪಾಠ ಮಾಡು" ಎಂಬ ಉತ್ತರ ಸಾಮಾನ್ಯ. ಆದರೆ ಕಾರಣ ಇದ್ದೇ ಇದೆ. ಅದು ವ್ಯಾಕರಣಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿದೆ.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಬಹುವಚನ ಮಾಡಲು ಒಂದೇ ನಿಯಮ ಇರಲಿಲ್ಲ. ಕೆಲವು ಪದಗಳಿಗೆ 'ಅಸ್', ಕೆಲವಕ್ಕೆ 'ಅನ್' ಸೇರುತ್ತಿತ್ತು. ಕೆಲವು ಪದಗಳ ಒಳಗಿನ ಸ್ವರವೇ ಬದಲಾಗುತ್ತಿತ್ತು. ಇನ್ನು ಕೆಲವು ಬದಲಾಗುತ್ತಲೇ ಇರಲಿಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದಿನ ಮೂರು ಶತಮಾನಗಳಲ್ಲಿ ಪದಗಳ ಕೊನೆಯ ಪ್ರತ್ಯಯಗಳು ಸವೆದುಹೋದವು. 'ಅಸ್' ಮಾತ್ರ ಇಂದಿನ 'ಎಸ್' ಆಗಿ ಉಳಿದು ಉಳಿದವನ್ನೆಲ್ಲ ನುಂಗಿತು. ಬುಕ್ ಎಂಬ ಪದಕ್ಕೂ ಹಿಂದೆ ಫುಟ್-ಫೀಟ್‌ನಂತೆ ಸ್ವರ ಬದಲಾಗುವ ಬಹುವಚನವೇ ಇತ್ತು. ಅದು ಬುಕ್ಸ್ ಆಗಿದ್ದು ಆಮೇಲೆ.

ಈ ಬದಲಾವಣೆಯ ಗೊಂದಲವನ್ನು ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಬರೆದಿಟ್ಟಿದ್ದಾನೆ. ಗಾಳಿ ಬೀಸದೆ ಹಡಗು ನಿಂತಾಗ ವ್ಯಾಪಾರಿಯೊಬ್ಬ ದಡಕ್ಕೆ ಬಂದು ಒಂದು ಮನೆಯಲ್ಲಿ 'ಎಗ್ಸ್' ಕೇಳಿದ. ಆ ಮನೆಯಾಕೆ "ನನಗೆ ಫ್ರೆಂಚ್ ಬಾರದು" ಎಂದಳು. ಅವನಿಗೂ ಫ್ರೆಂಚ್ ಬಾರದು, ಸಿಟ್ಟು ಬಂತು. ಇನ್ನೊಬ್ಬ 'ಐರೆನ್' ಬೇಕಂತೆ ಎಂದಾಗಲೇ ಆಕೆಗೆ ಮೊಟ್ಟೆ ಎಂದು ತಿಳಿದದ್ದು. ಇಬ್ಬರೂ ಇಂಗ್ಲಿಷರೇ. ಆಕೆಯದು 'ಎನ್' ಸೇರುವ ಹಳೆಯ ಬಹುವಚನ, ಅವನದು 'ಎಸ್' ಸೇರುವುದು. ಕೊನೆಗೆ ಗೆದ್ದದ್ದು ಎಗ್ಸ್.

ಹೀಗೆ ಎಲ್ಲ ಪದಗಳೂ ಹೊಸ ದಾರಿ ಹಿಡಿದಾಗ, ಮನೆಯಲ್ಲಿ ದಿನವೂ ಬಾಯಲ್ಲಿದ್ದ ಕೆಲವು ಪದಗಳು ಮಾತ್ರ ಹಳೆಯ ರೂಪ ಬಿಡಲಿಲ್ಲ. ಮನುಷ್ಯ, ಹೆಂಗಸು, ಪಾದ, ಹಲ್ಲು, ಇಲಿ, ಹೇನು, ಹೆಬ್ಬಾತು ಎಂಬರ್ಥದ ಏಳು ಪದಗಳಲ್ಲಿ ಇಂದಿಗೂ ಸ್ವರ ಬದಲಾಗುತ್ತದೆ. ಬಹಳ ಹಿಂದೆ ಇವುಗಳ ಬಹುವಚನದ ಕೊನೆಯಲ್ಲಿ 'ಇ' ಧ್ವನಿ ಇತ್ತು. ಅದು ತನ್ನ ಹಿಂದಿನ ಸ್ವರವನ್ನು ತನ್ನ ಕಡೆಗೆ ಎಳೆದುಕೊಂಡು, ತಾನು ಮರೆಯಾಯಿತು. ನಮ್ಮಲ್ಲೂ ಇಂಥದು ನಡೆದಿದೆ. ತೆಲುಗಿನವರು 'ಚೆವಿ' ಎನ್ನುವುದನ್ನು ನಾವು 'ಕಿವಿ' ಎನ್ನುತ್ತೇವೆ. ಕೊನೆಯ 'ಇ' ಮೊದಲಿನ 'ಎ'ಯನ್ನು ತನ್ನಂತೆಯೇ ಮಾಡಿಕೊಂಡಿದೆ.

ನೈಫ್-ನೈವ್ಸ್, ಲೀಫ್-ಲೀವ್ಸ್ ಕೂಡ ಹಾಗೆಯೇ. ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಬಂದ 'ಫ' ಧ್ವನಿ 'ವ' ಆಗುತ್ತಿತ್ತು. ಮಳೆ ಮತ್ತು ಕಾಲ ಸೇರಿದಾಗ ಮಳೆಗಾಲ ಆಗುವ ಆದೇಶ ಸಂಧಿಯನ್ನು ಕಲಿತ ವಿದ್ಯಾರ್ಥಿಗೆ ಇದು ಹೊಸತಲ್ಲ.

ಇನ್ನು ಚಿಲ್ಡ್ರನ್. ಮೊದಲು ಅದರ ಬಹುವಚನ 'ಚಿಲ್ಡ್ರು' ಎಂಬಂತಿತ್ತು. ಅದು ಬಹುವಚನವೆಂಬುದು ಜನಕ್ಕೆ ಸ್ಪಷ್ಟವಾಗದೆ ಹೋದಾಗ ಮತ್ತೊಂದು 'ಎನ್' ಸೇರಿಸಿದರು. ನಮ್ಮಲ್ಲಿ ಮಗು ಎಂಬುದಕ್ಕೆ ಮಗುಗಳು ಎನ್ನದೆ ಮಕ್ಕಳು ಎನ್ನುತ್ತೇವೆ. ಅದೂ ಸಾಲದೆಂದು ಕೆಲವರು ಮಕ್ಕಳುಗಳು ಎನ್ನುತ್ತಾರೆ. ಅವರು ಎಂಬುದು ಅವರುಗಳು ಆಗುತ್ತದೆ. ಬೂಟ್ಸ್ ನಮ್ಮ ಬಾಯಲ್ಲಿ ಬೂಟ್ಸುಗಳಾಗಿದೆ.

ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳಿದ ಗಳ್, ಅರ್, ದಿರ್ ಪ್ರತ್ಯಯಗಳೇ ಇಂದಿನ ಗಳು, ಅರು, ಅಂದಿರು. ಮರಗಳು, ಹುಡುಗರು, ಅಣ್ಣಂದಿರು ಎಂದು ನಾವು ಯೋಚಿಸದೆ ಆಡುತ್ತೇವೆ. ಆದರೆ 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣ ಪ್ರಕಟಿಸಿದ ವಿಲಿಯಂ ಕೇರಿ, 1903ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕಿಟೆಲ್ ಇವೆಲ್ಲವನ್ನೂ ಒಂದೊಂದಾಗಿ ಕಲಿಯಬೇಕಾಯಿತು. ಅವರ ಕಷ್ಟವೇ ಇಂದು ನಮ್ಮ ಮಕ್ಕಳದು.

ನಮ್ಮ ಮಕ್ಕಳು 'ಟೆನ್ ಕೋಕನಟ್' ಎಂದು ಬರೆಯುವುದಕ್ಕೂ ಕಾರಣವಿದೆ. ಕನ್ನಡದಲ್ಲಿ ಸಂಖ್ಯೆ ಹೇಳಿದ ಮೇಲೆ ವಸ್ತು, ಪ್ರಾಣಿಗಳಿಗೆ 'ಗಳು' ಬೇಕಾಗುವುದಿಲ್ಲ. ಹತ್ತು ತೆಂಗಿನಕಾಯಿ, ಇಪ್ಪತ್ತು ಕುರಿ ಎಂದರೆ ಸಾಕು. ಇಂಗ್ಲಿಷಿನಲ್ಲಿ ಸಂಖ್ಯೆ ಇದ್ದರೂ 'ಎಸ್' ಬೇಕು. ಶೀಪ್‌ನಂಥ ಕೆಲವಕ್ಕೆ ಮಾತ್ರ ಬೇಡ. ಕುರಿ ಕಾಯುವ ಮನೆಯ ಹುಡುಗನಿಗೆ 'ಟ್ವೆಂಟಿ ಶೀಪ್' ಬೇಗ ಒಲಿಯುತ್ತದೆ, ಏಕೆಂದರೆ ಅದು ಅವನ ಮಾತಿನಂತೆಯೇ ಇದೆ.

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ವಿದ್ವಾಂಸೆ ಪುಟ್ಟ ಮಕ್ಕಳಿಗೆ ಒಂದು ಚಿತ್ರ ತೋರಿಸಿ 'ವಗ್' ಎಂಬ ಇಲ್ಲದ ಹೆಸರು ಹೇಳಿದರು. ಎರಡು ಇದ್ದರೆ ಏನೆನ್ನುವಿರಿ ಎಂದಾಗ ಬಹುಪಾಲು ಮಕ್ಕಳು ಎಂದೂ ಕೇಳದ 'ವಗ್ಸ್' ಎಂಬ ರೂಪವನ್ನು ತಾವೇ ಹೇಳಿದರು. ಮಕ್ಕಳು ಬರೀ ಕೇಳಿದ್ದನ್ನು ಒಪ್ಪಿಸುವುದಿಲ್ಲ, ನಿಯಮ ಕಂಡುಕೊಳ್ಳುತ್ತಾರೆ ಎಂಬುದು ಇದರಿಂದ ಸಿದ್ಧವಾಯಿತು. 'ಫುಟ್ಸ್' ಎಂದ ಹುಡುಗಿಯೂ ನಿಯಮ ಕಲಿತವಳೇ. ಅವಳು ಇನ್ನೂ ಕಲಿಯಬೇಕಾದದ್ದು ಒಂದು ಹಳೆಯ ಪದದ ಚರಿತ್ರೆ ಮಾತ್ರ. ತರಗತಿಯಲ್ಲಿ ಕೇಳಿದ ಒಂದು ನಗೆಗೆ ಹೆದರಿ ಮತ್ತೆಂದೂ ಇಂಗ್ಲಿಷಿನಲ್ಲಿ ಬಾಯಿ ತೆರೆಯದವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ.

2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ಪಟ್ಟಿಯನ್ನು ಅಕಾರಾದಿಯಾಗಿ ಉರು ಹೊಡೆಸುವ ಬದಲು ಮನೆತನಗಳಾಗಿ ವಿಂಗಡಿಸಿ ಬೋರ್ಡಿನ ಮೇಲೆ ಬರೆಯಬಹುದು: ಸ್ವರ ಬದಲಾಗುವವು ಏಳು, 'ಫ' ಹೋಗಿ 'ವ' ಬರುವವು ಹನ್ನೆರಡು ಹದಿಮೂರು, 'ಎನ್' ಸೇರುವವು ಆಕ್ಸೆನ್, ಚಿಲ್ಡ್ರನ್‌ನಂಥ ಎರಡು ಮೂರು, ಬದಲಾಗದವು ಶೀಪ್, ಡೀರ್‌ನಂಥ ಕೆಲವು. ಮುಖ್ಯವಾದವು ಇಷ್ಟೇ. ಸುವರ್ಣ ಮಹೋತ್ಸವಕ್ಕೆ ಬಂದಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಮಕ್ಕಳು "ಯಾಕೆ?" ಎಂದು ಕೇಳಿದಾಗ ಮೊಟ್ಟೆ ಕೇಳಿದ ಆ ವ್ಯಾಪಾರಿಯ ಕಥೆ ಹೇಳಲಿ. ಇಂಗ್ಲಿಷರೇ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒದ್ದಾಡಿದ್ದರೆಂದು ಗೊತ್ತಾದರೆ, ಮಕ್ಕಳ ಅರ್ಧ ಭಯ ಅಲ್ಲೇ ಕಳೆಯುತ್ತದೆ.