ವಿಂಡೋಸ್ ಅಪ್‌ಡೇಟ್ ಕಾಟವೇ? ನಿಲ್ಲಿಸಬೇಡಿ, ಹೊತ್ತನ್ನು ನೀವೇ ಗೊತ್ತುಮಾಡಿ

ಆನ್‌ಲೈನ್ ಸಂದರ್ಶನಕ್ಕೆ ಇನ್ನು ಹತ್ತೇ ನಿಮಿಷ. ಲ್ಯಾಪ್‌ಟಾಪ್ ತೆರೆದರೆ ಪರದೆಯ ನಡುವೆ ಚುಕ್ಕಿಗಳು ಸುತ್ತುತ್ತಿವೆ. ಕೆಳಗೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಸೂಚನೆ. ಶೇ. 27ಕ್ಕೆ ಬಂದು ನಿಂತ ಲೆಕ್ಕ ಮುಂದೆ ಹೋಗುವ ಲಕ್ಷಣವೇ ಇಲ್ಲ. ವಿಂಡೋಸ್ ಬಳಸುವವರಲ್ಲಿ ಈ ಅನುಭವ ಆಗದವರು ಕಡಿಮೆ. ಇದಾದ ಮೇಲೆ ಅನೇಕರು ಮಾಡುವ ಮೊದಲ ಕೆಲಸವೆಂದರೆ, ಅಪ್‌ಡೇಟ್ ಶಾಶ್ವತವಾಗಿ ನಿಲ್ಲಿಸುವುದು ಹೇಗೆ ಎಂದು ಯೂಟ್ಯೂಬ್‌ನಲ್ಲಿ ಹುಡುಕುವುದು.

ಆ ವಿಡಿಯೊ ನೋಡುವ ಮುನ್ನ ಇದನ್ನು ಓದಿ. ಮನೆಯ ಕಂಪ್ಯೂಟರಿನಲ್ಲಿ ಅಪ್‌ಡೇಟ್ ನಿಲ್ಲಿಸಬೇಕಾದ ಅಗತ್ಯವಿಲ್ಲ. ಅದು ಯಾವಾಗ ಡೌನ್‌ಲೋಡ್ ಆಗಬೇಕು, ಯಾವಾಗ ರೀಸ್ಟಾರ್ಟ್ ಆಗಬೇಕು ಎಂಬುದು ನಿಮ್ಮ ಹಿಡಿತಕ್ಕೆ ಬಂದರೆ ಕಾಟದ ಮುಕ್ಕಾಲು ಪಾಲು ಮುಗಿದಂತೆ. ಅದಕ್ಕೆ ಬೇಕಾದ ಸ್ವಿಚ್‌ಗಳು ವಿಂಡೋಸ್ ಒಳಗೇ ಇವೆ. ಸುಲಭವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟಿದ್ದಾರೆ, ಅಷ್ಟೆ.

ಬುಧವಾರವೇ ಏಕೆ ಈ ಗೋಳು?

ತಿಂಗಳ ಭದ್ರತಾ ಅಪ್‌ಡೇಟ್ ಹೇಳದೆ ಕೇಳದೆ ಬರುವುದಿಲ್ಲ. 2003ರ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ಇದನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತಿದೆ. ಐಟಿ ವಲಯದವರು ಆ ದಿನವನ್ನು 'ಪ್ಯಾಚ್ ಟ್ಯೂಸ್‌ಡೇ' ಎನ್ನುತ್ತಾರೆ. ಬಿಡುಗಡೆಯ ಹೊತ್ತು ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10 ಗಂಟೆ. ನಮ್ಮ ಗಡಿಯಾರದಲ್ಲಿ ಅದು ಮಂಗಳವಾರ ರಾತ್ರಿ 10.30, ಅಲ್ಲಿ ಚಳಿಗಾಲವಿದ್ದಾಗ 11.30. ಅಂದರೆ ಮುಂಬೈ, ಚೆನ್ನೈ, ಹೈದರಾಬಾದಿನ ಮನೆಗಳಲ್ಲಿ ಮರುದಿನ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡೌನ್‌ಲೋಡ್ ಶುರುವಾಗುವ ಸಾಧ್ಯತೆ ಹೆಚ್ಚು. ಸರಿಯಾಗಿ ಕೆಲಸದ ಹೊತ್ತಿಗೆ! ಎರಡನೇ ಮಂಗಳವಾರದ ಮರುದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ಅಂದು ಪರೀಕ್ಷೆ, ಸಂದರ್ಶನ ಇದ್ದರೆ ಹಿಂದಿನ ದಿನವೇ ಮುಂದೆ ಹೇಳಿರುವ ಪಾಝ್ ಒತ್ತಿಬಿಡಿ.

ಇದಲ್ಲದೆ ಇನ್ನೆರಡು ಬಗೆಯ ಅಪ್‌ಡೇಟ್‌ಗಳಿವೆ. ತಿಂಗಳ ಕೊನೆಯ ಭಾಗದಲ್ಲಿ ಬರುವ 'ಪ್ರಿವ್ಯೂ' ಕಡ್ಡಾಯವಲ್ಲ. ಮುಂದಿನ ತಿಂಗಳು ಎಲ್ಲರಿಗೂ ಬರಲಿರುವ ಬದಲಾವಣೆಗಳನ್ನು ಮೊದಲೇ ಬೇಕೆನ್ನುವವರಿಗೆ ಕೊಡುವಂಥದ್ದು. ವರ್ಷಕ್ಕೊಮ್ಮೆ ಬರುವ 'ಫೀಚರ್ ಅಪ್‌ಡೇಟ್' ವಿಂಡೋಸ್‌ನ ಆವೃತ್ತಿಯನ್ನೇ ಬದಲಿಸುತ್ತದೆ. 24ಎಚ್2, 25ಎಚ್2 ಎಂಬ ಹೆಸರುಗಳು ಇದರವೇ. ಭದ್ರತಾ ಅಪ್‌ಡೇಟ್ ತಡಮಾಡುವುದು ಅಪಾಯ. ಉಳಿದೆರಡಕ್ಕೆ ಅವಸರವಿಲ್ಲ.

ಸಿಟ್ಟಿಗೆ ಕಾರಣ ಇಲ್ಲದಿಲ್ಲ

ವಿಂಡೋಸ್ 7ರ ಕಾಲದಲ್ಲಿ ಅಪ್‌ಡೇಟ್ ಬೇಕೋ ಬೇಡವೋ ಎಂಬುದನ್ನು ಬಳಕೆದಾರರೇ ಆರಿಸಬಹುದಿತ್ತು. 2015ರ ಜುಲೈ 29ರಂದು ವಿಂಡೋಸ್ 10 ಬಂದಾಗ ಹೋಮ್ ಆವೃತ್ತಿಯಲ್ಲಿ ಆ ಆಯ್ಕೆಯನ್ನು ತೆಗೆದುಹಾಕಲಾಯಿತು. ಮರುವರ್ಷ, ಹಳೆಯ ವಿಂಡೋಸ್ ಬಳಸುತ್ತಿದ್ದವರ ಪರದೆಯ ಮೇಲೆ ವಿಂಡೋಸ್ 10 ಹಾಕಿಕೊಳ್ಳಿ ಎಂಬ ಪಾಪ್‌ಅಪ್ ಬರುತ್ತಿತ್ತು. ಮೂಲೆಯ ಕೆಂಪು ಗುರುತು ಒತ್ತಿ ಅದನ್ನು ಮುಚ್ಚಿದರೂ ಒಪ್ಪಿಗೆ ಎಂದೇ ಲೆಕ್ಕ ಹಾಕುವಂತೆ ಒಂದು ಹಂತದಲ್ಲಿ ಮಾಡಲಾಗಿತ್ತು. ಇಂಥ ಬೇಡದ ಅಪ್‌ಗ್ರೇಡ್‌ನಿಂದ ಕಂಪ್ಯೂಟರ್ ಕೆಟ್ಟು ವ್ಯಾಪಾರಕ್ಕೆ ನಷ್ಟವಾಯಿತು ಎಂದು ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುವ ಮಹಿಳೆಯೊಬ್ಬರು ಕೋರ್ಟಿಗೆ ಹೋದರು. 10,000 ಡಾಲರ್ ಪರಿಹಾರವನ್ನೂ ಪಡೆದರು.

2018ರ ಅಕ್ಟೋಬರ್‌ನ ಫೀಚರ್ ಅಪ್‌ಡೇಟ್ ಇನ್ನೂ ಕೆಟ್ಟದ್ದಾಗಿತ್ತು. ಅದನ್ನು ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿನ ಫೈಲ್‌ಗಳೇ ಅಳಿಸಿಹೋದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದು, ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಟ್ಟಿತು. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬೇಡಿ ಎಂದು ತಿಳಿದವರು ಹೇಳುವುದು ಇದಕ್ಕೇ. 2019ರ ಮೇ ತಿಂಗಳ ಆವೃತ್ತಿಯಿಂದ ಹೋಮ್ ಬಳಕೆದಾರರಿಗೂ ಅಪ್‌ಡೇಟ್ ಮುಂದೂಡುವ ಅವಕಾಶ ಸಿಕ್ಕಿತು.

ಇಲ್ಲೊಂದು ತಪ್ಪು ತಿಳಿವಳಿಕೆ ಬಗ್ಗೆಯೂ ಹೇಳಬೇಕು. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೈಕೊಟ್ಟಿದ್ದು, ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿರಬಹುದು. ಅದು ವಿಂಡೋಸ್ ಅಪ್‌ಡೇಟ್‌ನಿಂದ ಆಗಿದ್ದಲ್ಲ. ಕಂಪನಿಗಳು ಬಳಸುವ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಅಪ್‌ಡೇಟ್ ದೋಷ. ಮನೆಯ ಕಂಪ್ಯೂಟರುಗಳಿಗೆ ಅದರ ಬಿಸಿ ತಟ್ಟಲಿಲ್ಲ.

ಹಾಗಾದರೆ ನಿಲ್ಲಿಸಿದರೆ ಏನಾಗುತ್ತದೆ?

ವನ್ನಾಕ್ರೈ ಇದಕ್ಕೆ ಸರಿಯಾದ ಉದಾಹರಣೆ. 2017ರ ಮೇ 12ರಂದು ಶುರುವಾದ ಈ ರಾನ್ಸಮ್‌ವೇರ್ ದಾಳಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮ್ಮಲ್ಲಿ ಆಂಧ್ರಪ್ರದೇಶ ಪೊಲೀಸರ ಕಂಪ್ಯೂಟರುಗಳಿಗೂ ಅದು ತಗುಲಿತು. ಗಮನಿಸಬೇಕಾದ ಸಂಗತಿ ಏನೆಂದರೆ, ದಾಳಿಗೆ ಬಳಸಿದ ಲೋಪವನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು. ಸುಮಾರು ಎರಡು ತಿಂಗಳು ಸಮಯವಿತ್ತು. ಸಿಕ್ಕಿಬಿದ್ದವರಲ್ಲಿ ಬಹುಪಾಲು, ಅದನ್ನು ಹಾಕಿಕೊಳ್ಳದೆ ಉಳಿದವರು.

ಅಪ್‌ಡೇಟ್ ಬಿಡುಗಡೆಯಾದ ಮೇಲೆ ಅಪಾಯ ಇನ್ನೂ ಹೆಚ್ಚು ಎಂಬುದು ಹಲವರಿಗೆ ಗೊತ್ತಿಲ್ಲ. ಹಳೆಯ ಫೈಲ್ ಮತ್ತು ಹೊಸ ಫೈಲ್ ಪಕ್ಕಪಕ್ಕ ಇಟ್ಟು ನೋಡಿದರೆ ಲೋಪ ಎಲ್ಲಿತ್ತು ಎಂಬುದು ಪಳಗಿದ ಹ್ಯಾಕರ್‌ಗೆ ತಿಳಿಯುತ್ತದೆ. ಆಮೇಲೆ ಅವರು ಹುಡುಕುವುದು ಇನ್ನೂ ಅಪ್‌ಡೇಟ್ ಆಗದ ಕಂಪ್ಯೂಟರುಗಳನ್ನೇ. ನೆಟ್‌ಬ್ಯಾಂಕಿಂಗ್, ಆದಾಯ ತೆರಿಗೆ ರಿಟರ್ನ್ಸ್, ಮಕ್ಕಳ ಫೋಟೊ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿರುವ ಮನೆಗೆ ಇದು ಸಣ್ಣ ವಿಷಯವಲ್ಲ.

ಸರ್ವಿಸಸ್ ಪಟ್ಟಿಗೆ ಹೋಗಿ ವಿಂಡೋಸ್ ಅಪ್‌ಡೇಟ್ ಡಿಸೇಬಲ್ ಮಾಡಿ ಎನ್ನುವ ಸಲಹೆ ಹೆಚ್ಚು ದಿನ ನಡೆಯುವುದೂ ಇಲ್ಲ. ಅದನ್ನು ಮತ್ತೆ ಎಬ್ಬಿಸಿ ಕೂರಿಸಲೆಂದೇ ವಿಂಡೋಸ್‌ನಲ್ಲಿ ಇನ್ನೊಂದು ಸರ್ವಿಸ್ ಇದೆ. ಇನ್ನು ಎಲ್ಲಿಂದಲೋ ಇಳಿಸಿಕೊಂಡ 'ಅಪ್‌ಡೇಟ್ ಬ್ಲಾಕರ್' ತಂತ್ರಾಂಶಕ್ಕೆ ಅಡ್ಮಿನ್ ಅನುಮತಿ ಕೊಡುವುದೆಂದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ ಆಗಬಹುದು.

ಬದಲಿಸಬೇಕಾದ ಸೆಟ್ಟಿಂಗ್‌ಗಳು ಇವು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಎಡಗಡೆ ಕೊನೆಯಲ್ಲಿರುವ ವಿಂಡೋಸ್ ಅಪ್‌ಡೇಟ್ ಒತ್ತಿ. ವಿಂಡೋಸ್ 10ರಲ್ಲಿ ಇದು ಅಪ್‌ಡೇಟ್ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿದೆ. ಹೆಸರುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುತ್ತದೆ.

ಮೊದಲು ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿರುವ 'ಆಕ್ಟಿವ್ ಅವರ್ಸ್' ಸರಿಮಾಡಿ. ನೀವು ಕೆಲಸ ಮಾಡುವ ಹೊತ್ತು ಇದು ಎಂದು ವಿಂಡೋಸ್‌ಗೆ ತಿಳಿಸುವ ಜಾಗ ಅದು. ಆ ಅವಧಿಯಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಸಾಮಾನ್ಯವಾಗಿ ಇದು 'ಆಟೊಮ್ಯಾಟಿಕ್' ಎಂದಿರುತ್ತದೆ, ಅಂದರೆ ನಿಮ್ಮ ಬಳಕೆ ನೋಡಿ ವಿಂಡೋಸ್ ಊಹಿಸುತ್ತದೆ. ರಾತ್ರಿ ಪಾಳಿಯವರ, ಪರೀಕ್ಷೆಗೆ ತಡರಾತ್ರಿ ಓದುವವರ ವಿಷಯದಲ್ಲಿ ಈ ಊಹೆ ಎಡವುತ್ತದೆ. ಅದನ್ನು 'ಮ್ಯಾನ್ಯುಯಲ್' ಮಾಡಿ ಸಮಯ ನೀವೇ ಕೊಡಿ. ಗರಿಷ್ಠ 18 ಗಂಟೆ ಕೊಡಬಹುದು. ಬೆಳಗ್ಗೆ 7ರಿಂದ ರಾತ್ರಿ 1ರವರೆಗೆ ಎಂದಿಟ್ಟರೆ ಬಹುತೇಕ ಮನೆಗಳಿಗೆ ಸಾಕು.

ಅದೇ ಪುಟದಲ್ಲಿ 'ಗೆಟ್ ಮಿ ಅಪ್ ಟು ಡೇಟ್' ಎಂಬ ಸ್ವಿಚ್ ಇದೆ. ಹೆಸರು ಚೆಂದ, ಕೆಲಸ ತರಲೆ. ಇದು ಆನ್ ಇದ್ದರೆ ಆಕ್ಟಿವ್ ಅವರ್ಸ್ ಲೆಕ್ಕಿಸದೆ ಆದಷ್ಟು ಬೇಗ ರೀಸ್ಟಾರ್ಟ್ ಆಗುತ್ತದೆ. ಆಫ್ ಮಾಡಿ. ರೀಸ್ಟಾರ್ಟ್ ಬೇಕಾದಾಗ ನನಗೆ ತಿಳಿಸು ಎನ್ನುವ 'ನೋಟಿಫೈ ಮಿ' ಸ್ವಿಚ್ ಮಾತ್ರ ಆನ್ ಇರಲಿ. ಹಿಂದಿನ ಪುಟದಲ್ಲಿ 'ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್' ಎಂದು ಶುರುವಾಗುವ ಇನ್ನೊಂದು ಸ್ವಿಚ್ ಸಿಗುತ್ತದೆ. ಪ್ರಿವ್ಯೂ ಅಪ್‌ಡೇಟ್‌ಗಳು ತಾವಾಗಿ ಬರುವುದು ಇದರಿಂದ. ಅದನ್ನೂ ಆಫ್ ಇಡಿ.

'ಪಾಝ್ ಅಪ್‌ಡೇಟ್ಸ್' ತುರ್ತಿಗೆ ಆಗುವ ಅಸ್ತ್ರ. ಒಂದು ವಾರದಿಂದ ಐದು ವಾರದವರೆಗೆ ಎಲ್ಲ ಅಪ್‌ಡೇಟ್‌ಗಳನ್ನೂ ತಡೆಯಬಹುದು. ಅವಧಿ ಮುಗಿದ ಮೇಲೆ ಬಾಕಿ ಇರುವುದನ್ನು ಹಾಕಿಕೊಳ್ಳದೆ ಮತ್ತೆ ಪಾಝ್ ಮಾಡಲು ಬಿಡುವುದಿಲ್ಲ. ಬಿಡುಗಡೆಯಾದ ಅಪ್‌ಡೇಟ್‌ನಲ್ಲಿ ಏನಾದರೂ ಎಡವಟ್ಟಿದ್ದರೆ ನಾಲ್ಕೈದು ದಿನಗಳಲ್ಲಿ ಸುದ್ದಿಯಾಗಿಬಿಡುತ್ತದೆ. ಹೀಗಾಗಿ ಒಂದು ವಾರದ ಪಾಝ್ ಜಾಣತನ. ಐದು ವಾರದ್ದನ್ನು ರೂಢಿ ಮಾಡಿಕೊಳ್ಳುವುದು ಅಲ್ಲ.

ಪ್ರೊ ಆವೃತ್ತಿ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ, ಡೌನ್‌ಲೋಡ್‌ಗೆ ಮುನ್ನ ನನ್ನನ್ನು ಕೇಳು ಎಂದು ಹೇಳುವ ಆಯ್ಕೆಯೂ ಇದೆ. ಹೋಮ್ ಆವೃತ್ತಿಯವರಿಗೆ ಆ ಭಾಗ್ಯವಿಲ್ಲ.

ಮೊಬೈಲ್ ಹಾಟ್‌ಸ್ಪಾಟ್ ಬಳಸುತ್ತೀರಾ?

ಪಿಜಿಯಲ್ಲಿರುವವರು, ಹೊಸ ಊರಿಗೆ ಬಂದು ಇನ್ನೂ ಬ್ರಾಡ್‌ಬ್ಯಾಂಡ್ ಹಾಕಿಸದವರು ಫೋನಿನ ಹಾಟ್‌ಸ್ಪಾಟ್‌ನಲ್ಲೇ ಲ್ಯಾಪ್‌ಟಾಪ್ ನಡೆಸುತ್ತಾರೆ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಪ್ಯಾಕ್ ಇದ್ದರೆ ಒಂದು ಅಪ್‌ಡೇಟ್ ಅದನ್ನೆಲ್ಲ ನುಂಗಬಲ್ಲದು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಆಗ ವಿಂಡೋಸ್ ದೊಡ್ಡ ಡೌನ್‌ಲೋಡ್‌ಗಳನ್ನು ಮುಂದಕ್ಕೆ ಹಾಕುತ್ತದೆ. ಇದು ಆ ಒಂದು ಸಂಪರ್ಕಕ್ಕೆ ಮಾತ್ರ ಅನ್ವಯ. ಸ್ನೇಹಿತರ ಮನೆಯ ವೈಫೈಗೆ ಸೇರಿದಾಗ ಎಂದಿನಂತೆ ಡೌನ್‌ಲೋಡ್ ಆಗುತ್ತದೆ. ವಾರಕ್ಕೊಮ್ಮೆಯಾದರೂ ಅಂಥ ಕಡೆ ಹೋಗಿ ಅಪ್‌ಡೇಟ್ ಮುಗಿಸಿಕೊಳ್ಳಿ.

'ಡೆಲಿವರಿ ಆಪ್ಟಿಮೈಸೇಶನ್' ಎಂಬುದನ್ನೂ ಒಮ್ಮೆ ಇಣುಕಿ ನೋಡಿ. ನಿಮ್ಮ ಕಂಪ್ಯೂಟರ್ ಪಡೆದ ಅಪ್‌ಡೇಟ್‌ನ ತುಣುಕುಗಳನ್ನು ಇಂಟರ್ನೆಟ್‌ನಲ್ಲಿರುವ ಅಪರಿಚಿತರ ಕಂಪ್ಯೂಟರುಗಳಿಗೂ ನಿಮ್ಮ ಡೇಟಾ ಬಳಸಿ ಕಳಿಸುವ ವ್ಯವಸ್ಥೆ ಅದರಲ್ಲಿದೆ. ಮನೆಯ ನೆಟ್‌ವರ್ಕ್‌ಗೆ ಮಾತ್ರ ಸೀಮಿತ ಮಾಡಿ, ಇಲ್ಲವೇ ಆಫ್ ಮಾಡಿ.

ಅರ್ಧದಲ್ಲಿ ಸಿಕ್ಕಿಹಾಕಿಕೊಂಡರೆ

ಶೇಕಡಾವಾರು ಲೆಕ್ಕ ನಿಂತಿದೆ ಎಂದ ಮಾತ್ರಕ್ಕೆ ಕೆಲಸ ನಿಂತಿಲ್ಲ. ಎಸ್‌ಎಸ್‌ಡಿ ಇಲ್ಲದ ಹಳೆಯ ಕಂಪ್ಯೂಟರುಗಳಲ್ಲಿ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋಗುವ ಹೊತ್ತಿಗೆ ರೀಸ್ಟಾರ್ಟ್ ಒತ್ತಬೇಡಿ. ಹಲವು ಗಂಟೆ ಕಳೆದರೂ ಚಲನೆಯೇ ಇಲ್ಲ ಎಂದಾದರೆ ಮಾತ್ರ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ವಿಂಡೋಸ್ ಸಾಮಾನ್ಯವಾಗಿ ಹಳೆಯ ಸ್ಥಿತಿಗೆ ಮರಳುತ್ತದೆ.

ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಧ್ವನಿ ಬರುತ್ತಿಲ್ಲ ಎಂದಾದರೆ ಅಪ್‌ಡೇಟ್ ಹಿಸ್ಟರಿ ಪುಟದ ಕೊನೆಯಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಇದೆ. ಫೀಚರ್ ಅಪ್‌ಡೇಟ್ ಆಗಿದ್ದರೆ ಸಿಸ್ಟಮ್ ವಿಭಾಗದ ರಿಕವರಿಯಲ್ಲಿ 'ಗೋ ಬ್ಯಾಕ್' ಒತ್ತಿ. ಇದಕ್ಕೆ ಹತ್ತು ದಿನಗಳ ಗಡುವು.

ಕೆಲವೊಮ್ಮೆ ಅಪ್‌ಡೇಟ್ ಬಳಿಕ ನೀಲಿ ಪರದೆ ಬಂದು 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತದೆ. ಬಹಳ ಜನ ಹೆದರುವುದು ಇಲ್ಲಿ. ಈ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಫೋನಿನಿಂದ ಆ ಖಾತೆಗೆ ಲಾಗಿನ್ ಆಗಿ ಡಿವೈಸಸ್ ವಿಭಾಗದಲ್ಲಿ ನೋಡಬಹುದು. ಆದರೆ ಖಾತೆಯ ಪಾಸ್‌ವರ್ಡೇ ಮರೆತಿದ್ದರೆ? ಕೀ ಸಿಗದಿದ್ದರೆ ಡಿಸ್ಕ್‌ನಲ್ಲಿರುವುದು ಕೈಬಿಟ್ಟಂತೆಯೇ. ಇವತ್ತೇ ಅದನ್ನು ಹುಡುಕಿ ಕಾಗದದ ಮೇಲೆ ಬರೆದಿಡಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ನಕಲಿ ಅಪ್‌ಡೇಟ್ ಬಗ್ಗೆ ಎಚ್ಚರ

ಯಾವುದೋ ವೆಬ್‌ಸೈಟ್ ನೋಡುವಾಗ ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಎಂಬ ಸಂದೇಶ ಬಂದರೆ ಅದು ಮೋಸ. ವಿಂಡೋಸ್ ಅಪ್‌ಡೇಟ್ ಬರುವುದು ಸೆಟ್ಟಿಂಗ್ಸ್ ಮೂಲಕ, ಕ್ರೋಮ್ ಅಪ್‌ಡೇಟ್ ಬರುವುದು ಕ್ರೋಮ್‌ನ ಬಲಮೂಲೆಯ ಮೆನು ಮೂಲಕ. ನಿಮ್ಮ ಕಂಪ್ಯೂಟರಿಗೆ ಅಪ್‌ಡೇಟ್ ಬೇಕಿದೆ ಎಂದು ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ.

ವಿಂಡೋಸ್ 10 ಇನ್ನೂ ಇದ್ದರೆ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಪ್‌ಡೇಟ್ ಕಾಟ ತಪ್ಪಿತು ಎಂದು ಖುಷಿಪಡುವ ವಿಷಯವಲ್ಲ ಇದು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ 'ಇಎಸ್‌ಯು' ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅದು ತಾನಾಗಿ ಸಿಗುವುದಿಲ್ಲ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್‌ಗಳ ಬ್ಯಾಕಪ್ ಕೊಟ್ಟರೆ ಹಣ ಕಟ್ಟಬೇಕಿಲ್ಲ.

ಊರಿನ ಕಂಪ್ಯೂಟರ್

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ-ಅಮ್ಮನ ಕಂಪ್ಯೂಟರನ್ನೂ ಒಮ್ಮೆ ನೋಡಿ. ತಿಂಗಳುಗಟ್ಟಲೆ ಆನ್ ಆಗದ ಕಂಪ್ಯೂಟರ್ ಒಂದು ದಿನ ಆನ್ ಆದರೆ ಬಾಕಿಯೆಲ್ಲ ಒಟ್ಟಿಗೇ ಬರುತ್ತದೆ; ಅವರು ಗಾಬರಿಯಾಗಿ ಪ್ಲಗ್ ಕೀಳುತ್ತಾರೆ. ಆಕ್ಟಿವ್ ಅವರ್ಸ್ ಹೊಂದಿಸಿ, ಬಾಕಿ ಅಪ್‌ಡೇಟ್‌ಗಳನ್ನು ಮುಗಿಸಿ, ಬಿಟ್‌ಲಾಕರ್ ಕೀಯ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ. ರಾತ್ರಿ ಕೆಲಸ ಮುಗಿದ ಮೇಲೆ ಪವರ್ ಮೆನುವಿನಲ್ಲಿ 'ಅಪ್‌ಡೇಟ್ ಅಂಡ್ ಶಟ್ ಡೌನ್' ಕಂಡರೆ ಅದನ್ನೇ ಒತ್ತಿ ಎಂದು ಹೇಳಿಕೊಡಿ. ಇದನ್ನು ಒತ್ತಿದರೂ ಕಂಪ್ಯೂಟರ್ ಆಫ್ ಆಗದೆ ಮತ್ತೆ ಆನ್ ಆಗಿ ಕೂರುವ ದೋಷ ಬಹಳ ಕಾಲ ಇತ್ತು. ಅದಕ್ಕೆ ಪರಿಹಾರ ಸಿಕ್ಕಿದ್ದು 2025ರ ಅಕ್ಟೋಬರ್ ಕೊನೆಯ ಪ್ರಿವ್ಯೂ ಅಪ್‌ಡೇಟ್‌ನಲ್ಲಿ. ಅವರ ವಿಂಡೋಸ್ 11 ಅದಕ್ಕಿಂತ ಹಳೆಯದಾಗಿ ಉಳಿದಿದ್ದರೆ, ಮಲಗುವ ಮುನ್ನ ಪರದೆ ನಿಜವಾಗಿ ಆರಿದೆಯೇ ಎಂದು ನೋಡಲು ತಿಳಿಸಿ.